ಕರ್ಚೀಫು ಹಾಕಿದ ಕುರ್ಚಿ

ನನ್ನ ಸೋದರತ್ತೆ ಹುಟ್ಟಿದಾಗಿನಿಂದ ಒಂದು ಸಲವೂ ಕೂತಿಲ್ಲ. ನೀವು ನಂಬುವುದಿಲ್ಲ, ಗೊತ್ತು. ಕುರ್ಚಿಯ ಮೇಲೆ ಅವರನ್ನು ಕಣ್ಣಾರೆ ಕಂಡ ನಾನೇ ಹೀಗೆ ಹೇಳಿದರೆ ಯಾರು ನಂಬುತ್ತಾರೆ? ಆದರೆ ಅವರು ಮಾಡುವುದನ್ನು ಕೂರುವುದು ಎನ್ನಬಹುದೇ, ನೀವೇ ಹೇಳಿ. ಕುರ್ಚಿಯ ಮುಂದಿನ ಅಂಚಿನಲ್ಲಿ, ಕರೆಂಟು ತಂತಿಯ ಮೇಲೆ ಕಾಗೆ ಕೂತ ಹಾಗೆ. ತೊಡೆಯ ಮೇಲೆ ವ್ಯಾನಿಟಿ ಬ್ಯಾಗು, ಕಾಲಲ್ಲಿ ಚಪ್ಪಲಿ, ಕಣ್ಣು ಬಾಗಿಲ ಕಡೆ. ಅವರ ಬೆನ್ನಿಗೂ ಕುರ್ಚಿಯ ಬೆನ್ನಿಗೂ ಇನ್ನೂ ಪರಿಚಯವೇ ಆಗಿಲ್ಲ! ಎರಡರ ನಡುವೆ ಇನ್ನೊಬ್ಬರು ಧಾರಾಳವಾಗಿ ಕೂರಬಹುದು. ನಮ್ಮ ಮಗಳು ಚಿಕ್ಕವಳಿದ್ದಾಗ ಕೂತೂ ಇದ್ದಳು.

ಯಾರ ಮನೆಗೇ ಹೋಗಲಿ, ಅತ್ತೆಯ ಮೊದಲ ಮಾತು "ಎಲ್ಲಾ ಚೆನ್ನಾಗಿದೀರಾ?" ಎರಡನೆಯದು "ಹೊರಡೋಣ್ವಾ?" ಈ ಎರಡರ ನಡುವೆ ಒಂದು ಲೋಟ ಕಾಫಿಗೆ ಜಾಗ ಸಿಕ್ಕರೆ ಅದು ಆ ಮನೆಯವರ ಪುಣ್ಯ.

ಇದಕ್ಕೆಲ್ಲ ಅವರ ಕೆಲಸವೇ ಕಾರಣ ಎಂಬುದು ನಮ್ಮ ಮನೆತನದ ಸಿದ್ಧಾಂತ. ಅತ್ತೆ ನಿವೃತ್ತರಾಗುವವರೆಗೂ ಹಾಸನದ ಬಸ್ ಸ್ಟ್ಯಾಂಡಿನಲ್ಲಿ, ಬಸ್ಸುಗಳ ಹೊತ್ತು ನೋಡುವ ಕೋಣೆಯೊಳಗೆ, ಮೈಕಿನ ಮುಂದೆ ಇದ್ದವರು. "ಪ್ರಯಾಣಿಕರ ಗಮನಕ್ಕೆ! ಸಕಲೇಶಪುರ ಮಾರ್ಗವಾಗಿ ಮಂಗಳೂರಿಗೆ ಹೋಗುವ ವಾಹನವು ಈಗ ಹೊರಡಲಿದೆ." ದಿನವಿಡೀ ಊರಿನವರನ್ನೆಲ್ಲ ಹೊರಡಿಸಿ ಹೊರಡಿಸಿ, ಆ ಅವಸರ ಮೈಗೇ ಅಂಟಿಕೊಂಡಿತು ಎಂದು ಅಮ್ಮ ಹೇಳುತ್ತಿದ್ದರು. ನಾನೂ ಇದನ್ನೇ ನಂಬಿದ್ದೆ. ಮನೆಯಲ್ಲಿ ಎಲ್ಲರೂ ಒಪ್ಪಿದ ಮಾತನ್ನು ಪರೀಕ್ಷೆ ಮಾಡಿ ನೋಡುವುದಕ್ಕೆ ಯಾರಿಗೆ ಪುರುಸೊತ್ತಿದೆ?

ಅವಸರದ ಜೊತೆಗೇ ಬಂದ ಇನ್ನೊಂದು ವಿದ್ಯೆ, ಸೀಟು ಹಿಡಿಯುವುದು. ಬಸ್ಸು ಸ್ಟ್ಯಾಂಡಿನೊಳಗೆ ಇನ್ನೂ ತಿರುಗುತ್ತಿರುವಾಗಲೇ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿಯುವುದು ನಮ್ಮ ಕಡೆಯವರಿಗೆಲ್ಲ ಗೊತ್ತು. ಆ ಕರ್ಚೀಫಿಗಿರುವ ಮರ್ಯಾದೆ ಕೋರ್ಟಿನ ತಡೆಯಾಜ್ಞೆಗೂ ಇಲ್ಲ. ಆದರೆ ನಾವೆಲ್ಲ ಅದನ್ನು ಬಸ್ಸಿಗೆ ಮಾತ್ರ ಇಟ್ಟುಕೊಂಡಿದ್ದೇವೆ. ಅತ್ತೆ ಹಾಗಲ್ಲ. ಡಾಕ್ಟರ ಷಾಪು, ಸಂಗೀತ ಕಚೇರಿ, ಹರಿಕಥೆ, ಎಲ್ಲಿ ಕೂರುವ ಜಾಗವಿದೆಯೋ ಅಲ್ಲಿ ಕರ್ಚೀಫು.

ನನ್ನ ಚಿಕ್ಕಪ್ಪನ ಮಗನ ಮದುವೆಯಲ್ಲಿ ಮೊದಲ ಪಂಕ್ತಿಯ ಒಂದು ಸಾಲನ್ನೇ ಹಿಡಿದಿಟ್ಟಿದ್ದರು. ಒಂದು ಎಲೆಯ ಮುಂದೆ ಕರ್ಚೀಫು, ಒಂದರ ಮುಂದೆ ಛತ್ರಿ, ಇನ್ನೊಂದರ ಮುಂದೆ ಕನ್ನಡಕದ ಡಬ್ಬಿ. ಹಸಿದ ಹಿರಿಯರೊಬ್ಬರು ಛತ್ರಿಯನ್ನು ಮೆಲ್ಲಗೆ ಪಕ್ಕಕ್ಕಿಟ್ಟು ಕೂತುಬಿಟ್ಟರು. ಅತ್ತೆ ಜಗಳವಾಡಲಿಲ್ಲ. ಅವರ ಬೆನ್ನ ಹಿಂದೆ ಹೋಗಿ ನಿಂತರು.

"ಪರವಾಗಿಲ್ಲ, ಊಟ ಮಾಡಿ. ಪಾಯಸದ ಹೊತ್ತಿಗೆ ನಮ್ಮೋರು ಬರ್ತಾರೆ, ಆಗ ಎದ್ರೆ ಸಾಕು."

ಆ ಮನುಷ್ಯ ಸಾರನ್ನಕ್ಕೇ ಎದ್ದು ಕೈ ತೊಳೆದುಕೊಂಡರು. ಅವರು ಮದುವೆ ಹುಡುಗಿಯ ದೊಡ್ಡಪ್ಪ ಎಂದು ಆಮೇಲೆ ತಿಳಿಯಿತು! ಇವತ್ತಿಗೂ ಯಾವುದೇ ಸಮಾರಂಭದಲ್ಲಿ ಅವರು ಕೂರುವ ಮೊದಲು ಕುರ್ಚಿಯನ್ನು ಒಮ್ಮೆ ಸವರಿ ನೋಡುತ್ತಾರೆ. ಅತ್ತೆ ಮಾತ್ರ ಕೊನೆಯ ಪಂಕ್ತಿಯಲ್ಲಿ, ಅಡುಗೆಯವರ ಜೊತೆ ಉಂಡರು. ಅಷ್ಟರಲ್ಲಿ ಪಾಯಸ ಮುಗಿದಿತ್ತು. ತಮಗೆ ಪಾಯಸ ಸೇರುವುದಿಲ್ಲ ಎಂದರು. ಸೇರುವುದಿಲ್ಲವೋ, ಯಾವತ್ತೂ ಸಿಕ್ಕಿಲ್ಲವೋ, ನಾನು ಕೇಳಲಿಲ್ಲ.

ಇಂಥ ಅತ್ತೆ ಈ ಬೇಸಿಗೆಯಲ್ಲಿ ನೆದರ್ಲೆಂಡ್ಸಿಗೆ, ಜೂಟರ್‌ಮೀರಿನ ನಮ್ಮ ಮನೆಗೆ ಬಂದರು. ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಎಷ್ಟು ಮುಂಚೆ ಹೋಗಿದ್ದರೆಂದರೆ, ಹಿಂದಿನ ದಿನದ ವಿಮಾನದವರೇ ಇನ್ನೂ ಹತ್ತಿರಲಿಲ್ಲವಂತೆ. ನಮ್ಮ ಮನೆಗೆ ಬಂದ ಮೇಲೆ ಸೂಟ್‌ಕೇಸು ಬಿಚ್ಚಲಿಲ್ಲ. ಬೀರುವಿನಲ್ಲಿ ಅರ್ಧ ಭಾಗ ಖಾಲಿ ಮಾಡಿಕೊಟ್ಟಿದ್ದೆ. ಅದು ಖಾಲಿಯಾಗಿಯೇ ಉಳಿಯಿತು. ದಿನಾ ಬೆಳಿಗ್ಗೆ ಸೂಟ್‌ಕೇಸಿನ ಬೀಗ ತೆಗೆದು ಒಂದು ಸೀರೆ ಎತ್ತಿಕೊಂಡು ಮತ್ತೆ ಬೀಗ!

ಈ ದೇಶ ಅವರಿಗೆ ಹಿಡಿಸಿತು. ಹೂವಿಗಲ್ಲ, ಕಾಲುವೆಗಲ್ಲ. ಮನೆಯ ಹಿಂದೆ ಹಾಯುವ ಟ್ರಾಮ್ ಹೇಳಿದ ಹೊತ್ತಿಗೆ ಹೊರಡುತ್ತದಲ್ಲ, ಅದಕ್ಕೆ. ಹಿಡಿಸದೇ ಹೋದದ್ದು ಸೂರ್ಯ. ಊಟವಾಗಿ ಪಾತ್ರೆ ತೊಳೆದಿಟ್ಟರೂ ಹೊರಗೆ ಬೆಳಕೋ ಬೆಳಕು. ಅತ್ತೆ ಕಿಟಕಿಯ ಬಳಿ ನಿಂತು ಚಡಪಡಿಸುತ್ತಿದ್ದರು. "ಎಲ್ಲಾರಿಗೂ ಟೈಮಿದೆ ಈ ಊರಲ್ಲಿ, ಇವನೊಬ್ಬಂಗೆ ಇಲ್ಲ ನೋಡು. ಹೊರಡೋ ಅಂದ್ರೆ ಹೊರಡಲ್ಲ!"

ಆದರೆ ಒಂದು ವಿಚಿತ್ರವಿತ್ತು. ಇಷ್ಟೆಲ್ಲ ಅವಸರದ ಈ ಹೆಂಗಸು, ತಡವಾಗಿ ಬಂದವರನ್ನು ಮಾತ್ರ ಬಿಟ್ಟು ಹೊರಡುತ್ತಿರಲಿಲ್ಲ. ಒಂದು ದಿನ ನಮ್ಮ ಬಸ್ಸು ಬಾಗಿಲು ಮುಚ್ಚುವ ಹೊತ್ತಿಗೆ ದೂರದಿಂದ ಒಬ್ಬಾಕೆ ಓಡಿ ಬರುವುದು ಕಂಡಿತು. ಅತ್ತೆ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತುಬಿಟ್ಟರು. ಡ್ರೈವರ್ ಡಚ್ಚಿನಲ್ಲಿ ಏನೋ ಗದರಿದ. ಅತ್ತೆ ಹಾಸನದ ಕನ್ನಡದಲ್ಲಿ ಸಮಾಧಾನ ಮಾಡಿದರು. "ಬರ್ತಾ ಇದಾಳೆ, ಇರಪ್ಪಾ. ಒಂದ್ನಿಮಿಷಕ್ಕೆ ಏನ್ ಮುಳುಗೋಗತ್ತೆ?" ಬಸ್ಸಿನಲ್ಲಿದ್ದವರೆಲ್ಲ ಕೈಗಡಿಯಾರ ನೋಡಿಕೊಂಡರು. ಆಕೆ ಏದುಸಿರು ಬಿಡುತ್ತ ಬಂದಳು, ನಮ್ಮ ಕಡೆ ನೋಡಿ ನಕ್ಕಳು, ಹಾಗೇ ಓಡಿಕೊಂಡು ಮುಂದೆ ಹೋದಳು. ಜಾಗಿಂಗ್ ಮಾಡುತ್ತಿದ್ದಳು!

ಮೂರು ತಿಂಗಳು ಇರುತ್ತೇನೆಂದು ಬಂದವರು ಮೂರನೇ ವಾರಕ್ಕೆ ನನಗೆ ಹೇಳದೆ ಬೆಂಗಳೂರಿನ ನನ್ನ ತಮ್ಮನಿಗೆ ಫೋನ್ ಮಾಡಿ ಟಿಕೆಟ್ಟನ್ನು ಹಿಂದಕ್ಕೆ ಎಳೆಸಿಕೊಂಡಿದ್ದರು. ಬರುವ ಶನಿವಾರಕ್ಕೆ! ಯಾಕೆ ಎಂದು ಕೇಳಿದೆ.

"ನಿಮ್ಮ ಅತ್ತೆ ಮಾವ ಬರೋರಿದಾರಲ್ಲೇ, ಪುಟ್ಟಿ. ರೂಮು ಬಿಟ್ಕೊಡ್ಬೇಕಲ್ಲ."

"ಅವ್ರು ಬರೋದು ದೀಪಾವಳಿ ಆದ್ಮೇಲೆ, ಅತ್ತೆ. ಇದು ಜೂನು!"

"ಗುಡಿಸಿ ಸಾರಿಸಕ್ಕೆ ಟೈಮ್ ಬೇಡ್ವಾ?"

ಇದಕ್ಕೆ ಏನು ಹೇಳುತ್ತೀರಿ? ನಾನು ನಕ್ಕೆ. ಆದರೆ ಅವರು ಹೊರಡುವುದು ನನಗೆ ಬೇಡವಾಗಿತ್ತು. ಅಮ್ಮ ಮೊದಲೇ ಹೋಗಿದ್ದರು, ಅಪ್ಪ ಹೋಗಿ ಎರಡು ವರ್ಷ. ಈಗ ನನ್ನನ್ನು ಪುಟ್ಟಿ ಎಂದು ಕರೆಯುವವರು ಇಡೀ ಭೂಮಿಯ ಮೇಲೆ ಇವರೊಬ್ಬರೇ. ಆ ದನಿ ಮನೆಯೊಳಗೆ ಇನ್ನಷ್ಟು ದಿನ ಇರಲಿ ಎಂಬುದು ನನ್ನ ಸ್ವಾರ್ಥ. ಅತ್ತೆಗೆ ಇಲ್ಲಿ ಬೇಸರವಾಗಿರಬೇಕು, ಒಂದು ಸಂಜೆ ಎಲ್ಲಾದರೂ ಗಮ್ಮತ್ತಾಗಿ ಕಳೆದರೆ ಮನಸ್ಸು ಬದಲಾಯಿಸಬಹುದು ಎಂದು ನಾನೂ ಯಜಮಾನರೂ ಲೆಕ್ಕ ಹಾಕಿದೆವು. ಆಗಲೇ ಸಿಕ್ಕಿದ್ದು ಆಫೀಸಿನವರು ಅವರಿಗೆ ಕೊಟ್ಟಿದ್ದ ಕೂಪನ್ನು. ಕಡಲ ದಂಡೆಯ ಒಂದು ಕ್ಯಾಸಿನೊ ರೆಸಾರ್ಟಿನಲ್ಲಿ ಇಡೀ ಕುಟುಂಬಕ್ಕೆ ರಾತ್ರಿಯೂಟ, ದೊಡ್ಡವರಿಗೆ ಒಂದಿಷ್ಟು ಆಟ ಪುಕ್ಕಟೆ.

"ಮಮ್ಮಾ, ದಟ್ಸ್ ಗ್ಯಾಂಬ್ಲಿಂಗ್!" ಎಂದಳು ಹತ್ತು ವರ್ಷದ ಮಗಳು, ಶಾಲೆಯ ಹೆಡ್‌ಮಿಸ್ ದನಿಯಲ್ಲಿ.

ನಾನು ಅತ್ತೆಯ ಮುಖ ನೋಡಿದೆ. ಜೂಜು ಎಂದು ಬೈಯುತ್ತಾರೇನೋ ಎಂಬ ಭಯ. ಅತ್ತೆಯ ಚಿಂತೆಯೇ ಬೇರೆ.

"ಕ್ಯಾಸಿನೋನಾ? ಎಷ್ಟೊತ್ತಿಗೆ ಹೊರಡತ್ತೆ?"

ಊಟಕ್ಕೆ ಹೇಳಿದ್ದು ಆರು ಗಂಟೆಗೆ. ಅತ್ತೆಯ ದೆಸೆಯಿಂದ ನಾವು ತಲುಪಿದಾಗ ಊಟದ ಮನೆಯ ಬಾಗಿಲೇ ತೆರೆದಿರಲಿಲ್ಲ. ಒಳಗೆ ಒಬ್ಬ ನೆಲ ಒರೆಸುತ್ತಿದ್ದ. ಅತ್ತೆ ಗಾಜಿನಾಚೆಯಿಂದ ಅವನಿಗೆ ಕೈಸನ್ನೆ ಮಾಡಿ, ಆ ಮೂಲೆ ಬಿಟ್ಟಿದ್ದೀಯ ನೋಡು ಎಂದು ತೋರಿಸಿದರು. ಅವನು ಒರೆಸಿದ!

ಕಾಯುವ ಹೊತ್ತಿಗೆ ಮಗಳು ಅವರನ್ನು ಹಿಂದಿನ ಜಗಲಿಗೆ ಎಳೆದುಕೊಂಡು ಹೋದಳು. ಅಲ್ಲಿಂದ ಕಡಲು ಕಾಣುತ್ತದೆ. ಉತ್ತರ ಸಮುದ್ರ, ಬೂದು ಬಣ್ಣದ್ದು, ಗಾಳಿಗೆ ಸೆರಗು ನಿಲ್ಲದು. ಅತ್ತೆ ಎರಡೂ ಕೈಯಲ್ಲಿ ಸೆರಗು ಹಿಡಿದು, ಕಣ್ಣು ಕಿರಿದು ಮಾಡಿ, ತಪಾಸಣೆ ಮಾಡುವವರ ಹಾಗೆ ಎಡದಿಂದ ಬಲಕ್ಕೆ ಒಮ್ಮೆ ನೋಡಿದರು.

"ನೋಡಿದ್ದಾಯ್ತು. ಹೊರಡೋಣ್ವಾ?"

"ಅಜ್ಜೀ! ಜಸ್ಟ್ ಟು ಮಿನಿಟ್ಸ್ ಆಯ್ತು!"

"ಎಲ್ಲಿಗೂ ಹೋಗಲ್ವಲ್ಲೇ ಅದು. ಇಲ್ಲೇ ಇರತ್ತೆ."

ಊಟದ ವಿವರ ಬೇಡ. ಆಲೂಗಡ್ಡೆಗೆ ಇವರು ಇಷ್ಟೊಂದು ವೇಷ ಹಾಕಬಲ್ಲರು ಎಂದು ನಮಗೆ ಗೊತ್ತಿರಲಿಲ್ಲ. ಪಕ್ಕದ ಮೇಜಿನ ಡಚ್ ಕುಟುಂಬ ಸೂಪನ್ನು ಇನ್ನೂ ಊದಿ ಆರಿಸುತ್ತಿದ್ದಾಗ ಅತ್ತೆ ಊಟ ಮುಗಿಸಿ, ಬ್ಯಾಗು ತೊಡೆಯ ಮೇಲಿಟ್ಟುಕೊಂಡು, ತಂತಿಯ ಮೇಲಿನ ಕಾಗೆಯಾಗಿದ್ದರು.

ಹದಿನೆಂಟು ತುಂಬದವರಿಗೆ ಕ್ಯಾಸಿನೊದೊಳಗೆ ಪ್ರವೇಶವಿಲ್ಲ. ಯಜಮಾನರೂ ಮಗಳೂ ಅದೇ ರೆಸಾರ್ಟಿನ ಬೌಲಿಂಗ್ ಆಡುವ ಕಡೆಗೆ ಹೋದರು. ನಾನೂ ಯಜಮಾನರೂ ಆಮೇಲೆ ಅದಲು ಬದಲಾಗುವುದು ಎಂದು ಮಾತಾಯಿತು. ಬಾಗಿಲಲ್ಲಿ ಸೂಟು ತೊಟ್ಟ ಯುವಕನೊಬ್ಬ ಪಾಸ್‌ಪೋರ್ಟ್ ಕೇಳಿ, ಯಂತ್ರದಲ್ಲಿ ನೋಡಿ, ನಗುತ್ತ ಹಿಂದಕ್ಕೆ ಕೊಟ್ಟ. ಅತ್ತೆ ಮೆಚ್ಚಿಕೊಂಡರು. "ಕಂಡಕ್ಟ್ರು ಸ್ಟ್ರಿಕ್ಟಾಗಿದಾನೆ."

ಒಳಗೆ ಹೋದರೆ ಬೇರೆಯದೇ ಲೋಕ. ಕಾಲ ಕೆಳಗೆ ಕೆಂಪು ಜಮಖಾನೆ, ಮಿಣಮಿಣ ಎನ್ನುವ ಯಂತ್ರಗಳ ಸಾಲು ಸಾಲು, ಪ್ರತಿ ಯಂತ್ರದ ಮುಂದೂ ಒಂದು ಗಾದಿಯ ಕುರ್ಚಿ. ಅತ್ತೆ ಸುತ್ತಲೂ ಕಣ್ಣಾಡಿಸಿದರು. ಗೋಡೆ ನೋಡಿದರು, ಚಾವಣಿ ನೋಡಿದರು, ಕಂಬದ ಹಿಂದೆ ಬಗ್ಗಿ ನೋಡಿದರು.

"ಗಡಿಯಾರ ಎಲ್ಲೇ?"

"ಇಲ್ಲಿ ಗಡಿಯಾರ ಇಡಲ್ಲ ಅತ್ತೆ. ಕಿಟಕೀನೂ ಇರಲ್ಲ. ಜನಕ್ಕೆ ಹೊತ್ತು ಹೋಗಿದ್ದು ಗೊತ್ತಾಗ್ಬಾರ್ದು ಅಂತ."

ಅವರ ಮುಖದಲ್ಲಿ ಆ ಕ್ಷಣ ಕಂಡದ್ದು ನಿಜವಾದ ದಿಗಿಲು. ಇಷ್ಟು ಸೀಟು, ಇಷ್ಟು ಜನ, ಆದರೆ ಹೊರಡುವ ಹೊತ್ತೇ ಇಲ್ಲದ ಸ್ಟ್ಯಾಂಡು! ಹಾಗಾದರೆ ಮಾಡುವುದೇನು? ಅವರ ಕೈ ತಾನಾಗಿಯೇ ಬ್ಯಾಗಿನೊಳಗೆ ಹೋಯಿತು. ನಾನು ಮುಂದಿನ ಸಾಲಿನ ಯಂತ್ರವೊಂದನ್ನು ಅರ್ಥ ಮಾಡಿಕೊಳ್ಳುತ್ತಿದ್ದೆ. ಹಿಂದಿರುಗಿ ನೋಡಿದಾಗ ಗೋಡೆಯ ಬದಿಯ ನಾಲ್ಕು ಕುರ್ಚಿ ನಮ್ಮವಾಗಿದ್ದವು. ಒಂದರ ಮೇಲೆ ಕರ್ಚೀಫು, ಒಂದರ ಮೇಲೆ ಛತ್ರಿ, ಒಂದರ ಮೇಲೆ ಮಗಳ ಸ್ವೆಟರು, ಇನ್ನೊಂದರ ಮೇಲೆ ಚಕ್ಕುಲಿಯ ಪೊಟ್ಟಣ.

"ಅತ್ತೆ! ಮಗು ಒಳಗೇ ಬರಂಗಿಲ್ಲ. ನಾಲ್ಕು ಯಾಕೆ?"

"ಇರ್ಲಿ. ಆಮೇಲೆ ಬಂದು ಸೀಟಿಲ್ಲ ಅಂದ್ರೆ?"

ಬಿಳಿಗೂದಲಿನ ಡಚ್ ಅಜ್ಜನೊಬ್ಬ ಆ ಕಡೆಗೆ ಬಂದ. ಒಳ್ಳೆಯ ಮನುಷ್ಯ. ಕುರ್ಚಿಯ ಮೇಲೆ ಬಿದ್ದಿದ್ದ ಕರ್ಚೀಫನ್ನು ಕಂಡು, ಎರಡು ಬೆರಳಿನಲ್ಲಿ ಎತ್ತಿಕೊಂಡು, ಅತ್ತೆಯ ಹತ್ತಿರ ಬಂದು ಬಾಗಿ, "ಮೇಡಂ, ಇದು ತಮ್ಮದು ಬಿದ್ದಿತ್ತು" ಎಂದು ಒಪ್ಪಿಸಿದ. ಅತ್ತೆ "ಥ್ಯಾಂಕ್ಯೂ" ಎಂದು ತೆಗೆದುಕೊಂಡು, ಹೋಗಿ ಮತ್ತೆ ಅದೇ ಕುರ್ಚಿಯ ಮೇಲೆ ಹಾಸಿ ಬಂದರು. ಅಜ್ಜ ಮತ್ತೆ ತಂದುಕೊಟ್ಟ. ಅತ್ತೆ ಮತ್ತೆ ಥ್ಯಾಂಕ್ಯೂ ಎಂದು ಮತ್ತೆ ಹಾಸಿದರು. ಇಬ್ಬರೂ ಸಭ್ಯರು, ಇಬ್ಬರೂ ಹಟವಾದಿಗಳು. ಇದು ಎಲ್ಲಿಯವರೆಗೆ ನಡೆಯುತ್ತಿತ್ತೋ! ಅಷ್ಟರಲ್ಲಿ ಅಲ್ಲಿನ ಕೆಲಸದ ಹುಡುಗಿ ಬಂದಳು. ನಾನು ನಾಚಿಕೆಯಿಂದ ಕುಗ್ಗಿಹೋಗಿ, ನಮ್ಮೂರ ಬಸ್ಸು, ಕಿಟಕಿ, ಕರ್ಚೀಫು ಎಂದು ನನ್ನ ಹರುಕುಮುರುಕು ಡಚ್ಚಿನಲ್ಲಿ ವಿವರಿಸಿದೆ. ಆಕೆ ಗಂಭೀರವಾಗಿ ಕೇಳಿಸಿಕೊಂಡು, ಹೋಗಿ, ಒಂದು ಪ್ಲಾಸ್ಟಿಕ್ ಫಲಕ ತಂದು ಯಂತ್ರದ ಮೇಲಿಟ್ಟಳು. ಅದರ ಮೇಲೆ ಬರೆದದ್ದು: ಕಾಯ್ದಿರಿಸಲಾಗಿದೆ. ಸ್ವಲ್ಪ ಹೊತ್ತಿಗೆ ಎದ್ದು ಹೋಗುವವರಿಗೆಂದು ಇಲ್ಲಿ ಅಂಥದ್ದೊಂದು ವ್ಯವಸ್ಥೆಯೇ ಇದೆಯಂತೆ! ಆದರೆ ಒಬ್ಬರಿಗೆ ಒಂದೇ.

ಅತ್ತೆ ನನ್ನ ಕಡೆ ನೋಡಿದ ನೋಟ! "ನೋಡ್ದ್ಯಾ? ನೀನು ನಾಚ್ಕೊಂಡು ಸಾಯ್ತಿದ್ದೆ. ಇವ್ರೂ ಕರ್ಚೀಫ್ ಹಾಕ್ತಾರೆ. ಪಾಪ, ಪ್ಲಾಸ್ಟಿಕ್ಕಿಂದು."

ಛತ್ರಿ, ಸ್ವೆಟರು, ಚಕ್ಕುಲಿ ಬ್ಯಾಗಿಗೆ ಮರಳಿದವು. ಉಳಿದ ಒಂದೇ ಕುರ್ಚಿಯಲ್ಲಿ ಅತ್ತೆಯನ್ನು ಕೂರಿಸಿದೆ. ಅಂದರೆ, ಅಂಚಿನಲ್ಲಿ. ಯಜಮಾನರು ತಮ್ಮ ಸರದಿಗೆ ಬಂದರು. ನಾನು ಮಗಳ ಕಡೆ ಹೊರಡುವಷ್ಟರಲ್ಲಿ ಅತ್ತೆ ಎದ್ದು ನಿಂತು, ಕುರ್ಚಿಯನ್ನು ಕರ್ಚೀಫಿನಿಂದ ಒರೆಸಿ, "ಬನ್ನಿ ಅಳಿಯಂದ್ರೇ, ನಿಮಗೋಸ್ಕರ ಹಿಡಿದಿದ್ದೆ" ಎಂದರು. ಎಷ್ಟು ಹೇಳಿದರೂ ಕೂರಲಿಲ್ಲವಂತೆ. ಯಜಮಾನರು ಆಡಿದಷ್ಟು ಹೊತ್ತೂ ಬೆನ್ನ ಹಿಂದೆ ನಿಂತಿದ್ದರಂತೆ. ಆ ಮದುವೆ ಹುಡುಗಿಯ ದೊಡ್ಡಪ್ಪನ ಸಾರನ್ನ ನೆನಪಾಗಿ ಇವರು ಬೇಗ ಎದ್ದು ಬಂದರು.

ಮತ್ತೆ ನಾನು ಹೋದೆ. "ಅತ್ತೆ, ನೀವೊಂದ್ಸಲ ಆಡಿ. ನನ್ನಾಣೆ."

"ನಾನಾ? ನಂಗ್ಯಾಕೆ?"

ಅಂತೂ ಅಂಚಿನಲ್ಲಿ ಕೂತು ಒಂದು ಗುಂಡಿ ಒತ್ತಿದರು. ಯಂತ್ರಕ್ಕೆ ಏನಾಯಿತೋ, ಗಂಟೆಗಳೆಲ್ಲ ಒಟ್ಟಿಗೆ ಹೊಡೆದುಕೊಂಡು, ಚಿತ್ರಗಳೆಲ್ಲ ಕುಣಿದಾಡಿ, ದೀಪಗಳೆಲ್ಲ ಹೊತ್ತಿಕೊಂಡವು. ಅತ್ತೆ ಬೆಚ್ಚಿಬಿದ್ದು ಎದ್ದರು. "ಕೆಟ್ಟೋಯ್ತು ಕಣೇ! ನಡಿ, ಹೊರಡೋಣ!"

"ಕೆಟ್ಟಿಲ್ಲ ಅತ್ತೆ, ಗೆದ್ರಿ! ಕೂತ್ಕೊಳ್ಳಿ, ಇನ್ನೂ ಆಟ ಇದೆ!"

ಆದರೆ ಅವರ ಕಣ್ಣು ಆಗಲೇ ಬೇರೆ ಕಡೆಗಿತ್ತು. ಆ ಬಿಳಿಗೂದಲಿನ ಅಜ್ಜ ಪಕ್ಕದಲ್ಲಿ ನಿಂತು ನೋಡುತ್ತಿದ್ದ. ಅತ್ತೆ ಅವನ ತೋಳು ಹಿಡಿದು ತಮ್ಮ ಕುರ್ಚಿಗೆ ಕೂರಿಸಿಯೇಬಿಟ್ಟರು. "ಸಿಟ್, ಸಿಟ್. ಗುಡ್ ಸೀಟ್." ಗೆಲ್ಲುತ್ತಿರುವ ಯಂತ್ರವನ್ನು ಬಿಟ್ಟು ಎದ್ದವರನ್ನು ಆ ಮನುಷ್ಯ ತನ್ನ ಜನ್ಮದಲ್ಲಿ ಕಂಡಿರಲಾರ. ಬಾಯಿ ತೆರೆದು ಕೂತ. ಯಂತ್ರ ಹಾಡುತ್ತಲೇ ಇತ್ತು.

"ಯಾಕತ್ತೆ ಹಂಗ್ ಮಾಡಿದ್ರಿ?"

"ವಯಸ್ಸಾದೋರು ನಿಂತಿದ್ರಲ್ಲೇ."

ಆ ಅಜ್ಜನಿಗಿಂತ ಅತ್ತೆಗೇ ಎರಡು ವರ್ಷ ಹೆಚ್ಚಿರಬೇಕು!

ನಗಬೇಕೋ ಬೈಯಬೇಕೋ ತಿಳಿಯದೆ ಅವರನ್ನು ಗೋಡೆಯ ಬದಿಯ ಒಂದು ಬೆಂಚಿಗೆ ಕರೆದುಕೊಂಡು ಹೋದೆ. ಇಬ್ಬರೂ ಚಕ್ಕುಲಿ ಮುರಿದುಕೊಂಡೆವು. ಅಲ್ಲಿ ತಿಂಡಿ ತರಬಾರದು ಎಂಬ ನಿಯಮ ಇದ್ದೀತು, ನಾನು ಓದಲಿಲ್ಲ. ಶನಿವಾರಕ್ಕೆ ನಡುವೆ ಒಂದೇ ದಿನ ಉಳಿದಿತ್ತು. ಸಂಜೆಯ ಗಮ್ಮತ್ತೂ ಮುಗಿಯುತ್ತ ಬಂದಿತ್ತು. ಅತ್ತೆ ಬೆಂಚಿನ ಅಂಚಿನಲ್ಲಿದ್ದರು.

"ಅತ್ತೆ, ನೀವ್ಯಾಕೆ ಒಂದು ಕಡೆ ನೆಟ್ಟಗೆ ಕೂರಲ್ಲ?"

"ಕೂತಿದೀನಲ್ಲೇ."

"ಇದು ಕೂರೋದಾ? ಯಾರಿಗೋ ಸೀಟು ಹಿಡಿದಿರೋದು."

ಅವರಿಗೆ ನಗು ಬಂತು. "ಅಭ್ಯಾಸ ಕಣೇ. ಎಲ್ಲಾ ನಿಮ್ಮಪ್ಪನಿಂದ ಬಂದಿದ್ದು."

"ಅಪ್ಪ ಏನ್ ಮಾಡಿದ್ರು?"

"ಯಾವತ್ತು ಬಸ್ಸಿಗೆ ಟೈಮಿಗೆ ಸರಿಯಾಗಿ ಬಂದಿದ್ದ ಹೇಳು ನೋಡೋಣ, ನಿಮ್ಮಪ್ಪ!"

ನಾನು ವಾದಕ್ಕೇ ಇಳಿದೆ. ನನ್ನ ನೆನಪಿನ ಅಪ್ಪ ಎಂದೂ ತಡ ಮಾಡಿದವರಲ್ಲ. ಪ್ರತಿ ಬೇಸಿಗೆ ರಜೆಯಲ್ಲಿ ನಾವು ಹಾಸನದಿಂದ ಮಂಗಳೂರಿನ ಮಾವನ ಮನೆಗೆ ಬಸ್ಸಿನಲ್ಲಿ ಹೋಗುತ್ತಿದ್ದೆವು. ಬಸ್ಸಿನ ತುಂಬ ಜನ ನಿಂತಿರುತ್ತಿದ್ದರು. ನಮಗೆ ಮಾತ್ರ ಸೀಟು ಖಾಲಿ, ಅದರಲ್ಲೂ ನನಗೆ ಕಿಟಕಿ. ನಾವು ಹತ್ತಿದ ಮೇಲೆಯೇ ಬಸ್ಸು ಹೊರಡುತ್ತಿತ್ತು. ಎಷ್ಟು ಶಿಸ್ತು! ಇದನ್ನೆಲ್ಲ ನಾನು ಬರೆದಿಟ್ಟಿದ್ದೇನೆ ಕೂಡ.

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. "ಶಿಸ್ತಂತೆ! ಬಾಳೆಹಣ್ಣು ತಗೋತೀನಿ, ಪೇಪರ್ ತಗೋತೀನಿ ಅಂತ ಸ್ಟ್ಯಾಂಡೆಲ್ಲ ಸುತ್ತೋನು. ನಿಮ್ಮಮ್ಮ, ನೀನು ಅವನ ಹಿಂದೆ. ನಾನು ಮೈಕಲ್ಲಿ ಕೂಗಿದ್ದೇ ಕೂಗಿದ್ದು, ಮಂಗಳೂರಿನ ವಾಹನ ಈಗ ಹೊರಡಲಿದೆ ಅಂತ. ಅದು ಪ್ರಯಾಣಿಕರಿಗಲ್ಲ ಕಣೇ, ನಿಮ್ಮಪ್ಪಂಗೆ! ಮುಂಚೇನೇ ಬಸ್ ಹತ್ತಿ ಕರ್ಚೀಫ್ ಹಾಕಿ ಬಂದಿರ್ತಿದ್ದೆ. ಆಮೇಲೆ ಬಾಗ್ಲಲ್ಲಿ ಒಂದು ಕಾಲಿಟ್ಕೊಂಡು, ಒಂದ್ನಿಮಿಷ ಇರಪ್ಪಾ ಅಂತ ಡ್ರೈವರ್ ಕಾಲು ಹಿಡಿಯೋದು. ನೀವು ಓಡ್ಬಂದು ಹತ್ತಿದ್ಮೇಲೆ ಕರ್ಚೀಫ್ ಎತ್ಕೊಂಡು ಇಳ್ದುಬಿಡ್ತಿದ್ದೆ."

ಬಸ್ಸಿನ ತುಂಬ ಜನ ನಿಂತಿರುವಾಗ ನಮ್ಮ ಸೀಟು ಮಾತ್ರ ಯಾಕೆ ಖಾಲಿ ಇರುತ್ತಿತ್ತು? ಮಗುವಾಗಿದ್ದಾಗ ಕೇಳಲಿಲ್ಲ, ಸರಿ. ಅಷ್ಟೆಲ್ಲ ಓದಿದ ಮೇಲಾದರೂ ಕೇಳಬಹುದಿತ್ತಲ್ಲ? ನನ್ನ ನೆನಪು ಕಿಟಕಿ ಸೀಟಿನಲ್ಲಿ ಕೂತು ಹೊರಗೆ ನೋಡುತ್ತಿದ್ದ ಮಗುವಿನದು. ಒಳಗೆ ಯಾರು ಎದ್ದು ಹೋದರು ಎಂದು ಅದು ತಿರುಗಿ ನೋಡಿಯೇ ಇಲ್ಲ. ಆದರೂ ಹೊರಗೆ, ಕೆಳಗಿನಿಂದ ಮೇಲಕ್ಕೆ ಚಾಚಿದ ಒಂದು ಕೈ, ಅದರಲ್ಲಿ ಬೀಸುತ್ತಿದ್ದ ಒಂದು ಕರ್ಚೀಫು ಕಂಡಂತಾಯಿತು. ಅದು ನಿಜಕ್ಕೂ ಕಂಡದ್ದೋ, ಅತ್ತೆಯ ಮಾತು ಕೇಳಿ ಆ ಬೆಂಚಿನ ಮೇಲೆ ಕೂತು ನಾನೇ ಹೊಲಿದುಕೊಂಡದ್ದೋ? ಹೇಳಲಾರೆ.

"ನೀವೂ ನಮ್ಜೊತೆ ಬರಬಹುದಿತ್ತಲ್ಲ, ಅತ್ತೆ?"

"ನಾನ್ ಕೂತ್ರೆ ನಿಂಗೆ ಕಿಟಕಿ ಎಲ್ಲಿತ್ತು?"

ಬಹಳ ಸಲೀಸಾಗಿ ಹೇಳಿದರು, ಚಕ್ಕುಲಿ ಕಡಿಯುತ್ತ.

"ಮಂಗಳೂರಿನ ಸಮುದ್ರ ನೋಡಿಲ್ವಾ ಹಾಗಾದ್ರೆ?"

"ಇಲ್ಲ. ಅನೌನ್ಸ್ ಮಾಡಿದೀನಿ."

ಆಮೇಲೆ ಸೆರಗು ಕೊಡವಿ, ಬ್ಯಾಗಿನ ಜಿಪ್ಪು ಎಳೆದು, "ಸರಿ, ಹೊರಡೋಣ್ವಾ?" ಎಂದರು.

ಆಗ ನನಗೆ ಸೂಟ್‌ಕೇಸು ಹೊಳೆಯಿತು. ಅತ್ತೆಗೆ ನಮ್ಮ ಮನೆ ಬೇಸರವಾಗಿರಲಿಲ್ಲ. ಆ ಚಿಕ್ಕ ಕೋಣೆಯಲ್ಲಿ ಅವರು ಇಳಿದುಕೊಂಡೇ ಇರಲಿಲ್ಲ. ನನ್ನ ಅತ್ತೆ ಮಾವನಿಗೆಂದು ಅದನ್ನು ಹಿಡಿದಿಟ್ಟು ಕೂತಿದ್ದರು. ಹಿಡಿದ ಸೀಟು ತನ್ನದಲ್ಲ, ಅದರ ಜನರಿಗೆ ಬಿಟ್ಟು ಕರ್ಚೀಫು ಎತ್ತಿಕೊಂಡು ಇಳಿಯಬೇಕು. ಅಷ್ಟೇ ಅವರಿಗೆ ಗೊತ್ತಿದ್ದದ್ದು.

ಹೊರಗೆ ಬಂದೆವು. ಸೂರ್ಯ ಇನ್ನೂ ಹೊರಟಿರಲಿಲ್ಲ. ಯಜಮಾನರೂ ಮಗಳೂ ಬಾಗಿಲಲ್ಲೇ ಕಾಯುತ್ತಿದ್ದರು. ರೆಸಾರ್ಟಿನಿಂದ ರೈಲು ಸ್ಟೇಷನ್ನಿಗೆ ಹೋಗುವ ಬಸ್ಸು ಆಚೆ ಬದಿಯಲ್ಲಿ ಬಂದು ನಿಂತಿತು.

"ಅತ್ತೆ, ನಿಮ್ಮ ಕರ್ಚೀಫ್ ಕೊಡಿ."

"ಯಾಕೆ, ನೆಗಡಿನಾ?"

ಕಸಿದುಕೊಂಡು ಓಡಿದೆ. ಕೊನೆಯ ಸಲ ಹೀಗೆ ಯಾವಾಗ ಓಡಿದ್ದೆನೋ! ಸೀರೆಯ ನೆರಿಗೆ ಎತ್ತಿ ಹಿಡಿದು, ಮೆಟ್ಟಿಲು ಹತ್ತಿ, ಡ್ರೈವರನಿಗೆ ಕಾರ್ಡು ತೋರಿಸಿ, ಕಡಲ ಕಡೆಯ ಕಿಟಕಿ ಸೀಟಿನ ಮೇಲೆ ಕರ್ಚೀಫು ಹಾಸಿ, ಪಕ್ಕದಲ್ಲಿ ಕಾವಲು ನಿಂತೆ. ಯಾರಾದರೂ ಬರಲಿ, ನೋಡಿಯೇಬಿಡೋಣ!

"ಮಮ್ಮಾ," ಮಗಳು ಹಿಂದಿನಿಂದ ಹತ್ತಿ ಬಂದಳು, "ದ ಹೋಲ್ ಬಸ್ ಈಸ್ ಎಂಪ್ಟಿ!"

ಹೌದು. ಇಡೀ ಬಸ್ಸಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಡ್ರೈವರ್ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ. ನಾನು ಕದಲಲಿಲ್ಲ.

ಅತ್ತೆ ಹತ್ತಿ ಬಂದು ಕರ್ಚೀಫು ನೋಡಿದರು, ನನ್ನನ್ನು ನೋಡಿದರು.

"ಯಾರಿಗೇ ಹಿಡಿದಿದೀಯ?"

"ನಿಮಗೆ."

"ನಂಗಾ?" ಒಮ್ಮೆ ಹಿಂದಿರುಗಿ ನೋಡಿದರು, ಬೇರೆ ಯಾರಾದರೂ ನಿಂತಿದ್ದಾರೇನೋ ಎಂಬಂತೆ. "ಮಗೂಗೆ ಬೇಡ್ವಾ ಕಿಟಕಿ?"

"ಅವಳಿಗೆ ಬೇಕಾದಷ್ಟು ಕಿಟಕಿ ಇವೆ. ಇದು ನಿಮ್ದು. ಯಾರೂ ಬರಲ್ಲ."

ಕರ್ಚೀಫನ್ನು ಎತ್ತಿ, ನಾಲ್ಕು ಮಡಿಕೆ ಮಾಡಿ, ಬ್ಯಾಗಿಗೆ ಹಾಕಿಕೊಂಡು ಅತ್ತೆ ಕೂತರು. ಮೊದಲು ಅಂಚಿನಲ್ಲೇ. ಬಸ್ಸು ಹೊರಟು ಕಡಲ ದಾರಿಗೆ ತಿರುಗಿತು. ಬೂದು ನೀರಿನ ಮೇಲೆ ಆ ಹಟಮಾರಿ ಸೂರ್ಯ. ಅತ್ತೆ ನೋಡಿದರು. ಈ ಸಲ ಎಡದಿಂದ ಬಲಕ್ಕಲ್ಲ, ಸುಮ್ಮನೆ ಒಂದೇ ಕಡೆ. ಯಾವ ತಿರುವಿನಲ್ಲೋ ಏನೋ, ಅವರ ಬೆನ್ನು ಸೀಟಿನ ಬೆನ್ನಿಗೆ ತಾಗಿತು. ಸ್ವಲ್ಪ ಹೊತ್ತಾದ ಮೇಲೆ ಕಿಟಕಿಗೆ ಹೇಳುವ ಹಾಗೆ ಹೇಳಿದರು.

"ಆ ಶನಿವಾರದ ಟಿಕೆಟ್ಟು ಮುಂದಕ್ಕೆ ಹಾಕಕ್ಕಾಗತ್ತಾ ಅಂತ ಅಳಿಯಂದ್ರನ್ನ ಕೇಳು. ನಾನ್ ಕೇಳ್ದೆ ಅನ್ಬೇಡ."

ಅಳಿಯಂದಿರು ಸರಿಯಾಗಿ ಹಿಂದಿನ ಸೀಟಿನಲ್ಲೇ ಇದ್ದರು. ಏನೂ ಕೇಳಿಸದವರ ಹಾಗೆ ಮೊಬೈಲು ತೆಗೆದರು.

ಸ್ಟೇಷನ್ ಬಂತು. ಬಸ್ಸು ನಿಂತಿತು. ಡ್ರೈವರ್ ಎಂಜಿನ್ ಆರಿಸಿ, ಬಾಗಿಲು ತೆರೆದು, ಕನ್ನಡಿಯಲ್ಲಿ ನಮ್ಮ ಕಡೆ ನೋಡಿದ. ಮಗಳು ಇಳಿದಾಯಿತು. ಯಜಮಾನರು ಇಳಿದರು. ರೈಲಿಗೆ ಹೆಚ್ಚು ಹೊತ್ತಿರಲಿಲ್ಲ.

"ಅತ್ತೆ," ಎಂದೆ, "ಹೊರಡೋಣ್ವಾ?"

"ಏನೇ ಅವಸರ ನಿಂಗೆ?" ಅತ್ತೆ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. "ಕೂತ್ಕೋ, ಪುಟ್ಟಿ."